ಒಬ್ಬ ನರ್ಸ್, ಒಂದು ಪ್ಯಾರಾ, ಏಳು ಕೊಂಡಿ ಪದಗಳು

ಇಂಗ್ಲಿಷ್ ಪ್ರಬಂಧದಲ್ಲಿ ವಾಕ್ಯಗಳನ್ನು ಜೋಡಿಸುವ ಪದಗಳ ಪಟ್ಟಿ ಬೇಕಾದಷ್ಟು ಸಿಗುತ್ತದೆ. ಮೋರ್‌ಓವರ್, ಫರ್ದರ್‌ಮೋರ್, ಹೌಎವರ್, ದೇರ್‌ಫೋರ್ ಅಂತ ಬಾಯಿಪಾಠ ಮಾಡಿದವರೂ ಬೇಕಾದಷ್ಟು ಜನ ಇದ್ದಾರೆ. ಆದರೂ ಬರವಣಿಗೆ ಕೂಡಿಕೊಳ್ಳುವುದಿಲ್ಲ. ಯಾಕೆ ಹೀಗಾಗುತ್ತದೆ ಅನ್ನುವುದನ್ನು ಒಂದೇ ಪ್ರಕರಣ ಹಿಡಿದು ಕೊನೆತನಕ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ವಿದೇಶಕ್ಕೆ ಹೋಗಲು ತಯಾರಿ ಮಾಡುವ ನರ್ಸ್‌ಗಳಿಗೆ ನಾನು ಇಂಗ್ಲಿಷ್ ಬರವಣಿಗೆ ಹೇಳಿಕೊಡುತ್ತೇನೆ. ಇದು ಅವರಲ್ಲಿ ಒಬ್ಬರ ಪ್ರಬಂಧದ ಕಥೆ. ಅವರ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಹಿನ್ನೆಲೆ

ಹಾಸನ ಜಿಲ್ಲೆಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್ಸಿ ನರ್ಸಿಂಗ್. ಬೆಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡ್‌ನಲ್ಲಿ ಕೆಲಸ. ಬ್ರಿಟನ್ನಿಗೆ ಹೋಗಬೇಕು ಅನ್ನುವುದು ಗುರಿ. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರಕ್ಕೂ 9ಕ್ಕೆ 7 ಕೇಳುತ್ತದೆ. ಬರವಣಿಗೆಗೆ 6.5 ಸಾಕು. 2018ರ ಡಿಸೆಂಬರ್‌ಗೆ ಮೊದಲು ಬರವಣಿಗೆಗೂ 7 ಬೇಕಿತ್ತು. ಚೆನ್ನಾಗಿ ಕೆಲಸ ಗೊತ್ತಿದ್ದ ಎಷ್ಟೋ ನರ್ಸ್‌ಗಳು ಆ ಒಂದು ಅಂಕಿಯಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಓಇಟಿ ಅನ್ನುವ ಇನ್ನೊಂದು ಪರೀಕ್ಷೆಯ ದಾರಿಯೂ ಇದೆ. ಇವರು ಐಇಎಲ್‌ಟಿಎಸ್ ಹಿಡಿದಿದ್ದರು.

ಉಳಿದ ಮೂರರಲ್ಲಿ ಇವರಿಗೆ ಬೇಕಾದಷ್ಟು ಬಂದಿತ್ತು. ಬರವಣಿಗೆಯಲ್ಲಿ ಮಾತ್ರ 6.

ಈ ಬರವಣಿಗೆ ಪರೀಕ್ಷೆ ಒಂದು ಗಂಟೆಯದು. ಎರಡು ಭಾಗ. ಮೊದಲನೆಯದರಲ್ಲಿ ಕನಿಷ್ಠ 150 ಪದ, ಎರಡನೆಯದು 250 ಪದದ ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ನಾಲ್ಕು ಅಳತೆಗಳಲ್ಲಿ ಅಂಕ ಕೊಡುತ್ತಾರೆ: ಕೇಳಿದ್ದಕ್ಕೆ ಉತ್ತರ ಇದೆಯಾ, ಬರಹ ಕೂಡಿಕೊಂಡು ಬಂದಿದೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಅಂದರೆ ವಿಷಯಗಳನ್ನು ಜೋಡಿಸುವ ಕೆಲಸಕ್ಕೇ ಕಾಲು ಭಾಗ ಅಂಕ. ಕೋಚಿಂಗ್ ಕೇಂದ್ರಗಳು ಲಿಂಕಿಂಗ್ ವರ್ಡ್ಸ್ ಪಟ್ಟಿ ಹಂಚುವುದು ಇದೇ ಕಾರಣಕ್ಕೆ.

ಇವರ ಹತ್ತಿರವೂ ಒಂದು ಪಟ್ಟಿ ಇತ್ತು. ಎರಡು ಪುಟ, ಲ್ಯಾಮಿನೇಟ್ ಮಾಡಿಸಿದ್ದು. ಒಂದು ಕಾಲಂ ಸೇರಿಸುವುದಕ್ಕೆ, ಒಂದು ವಿರೋಧಕ್ಕೆ, ಒಂದು ಪರಿಣಾಮಕ್ಕೆ, ಒಂದು ಉದಾಹರಣೆಗೆ. ಪ್ರತಿ ಪ್ಯಾರಾದಲ್ಲೂ ಐದಾದರೂ ಬರಬೇಕು ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದರಂತೆ. ಇವರು ಶ್ರದ್ಧೆಯವರು. ಐದರ ಜಾಗದಲ್ಲಿ ಏಳು ಹಾಕುತ್ತಿದ್ದರು.

ಆ ಪ್ಯಾರಾ

ಅಭ್ಯಾಸಕ್ಕೆ ತೆಗೆದುಕೊಂಡ ಪ್ರಶ್ನೆ ಇದು: ಸರ್ಕಾರಗಳು ಚಿಕಿತ್ಸೆಗಿಂತ ಕಾಯಿಲೆ ಬರದಂತೆ ತಡೆಯುವುದಕ್ಕೆ ಜಾಸ್ತಿ ಹಣ ಖರ್ಚು ಮಾಡಬೇಕು ಅನ್ನುತ್ತಾರೆ, ನೀವು ಒಪ್ಪುತ್ತೀರಾ? ದಿನಾ ವಾರ್ಡ್‌ನಲ್ಲಿ ನಿಲ್ಲುವವರಿಗೆ ಇದಕ್ಕಿಂತ ಸುಲಭದ ವಿಷಯ ಸಿಗಲಾರದು. ಇವರ ಎರಡನೇ ಪ್ಯಾರಾ ಹೀಗಿತ್ತು. ವಾಕ್ಯಗಳನ್ನು ಕನ್ನಡಕ್ಕೆ ತಂದಿದ್ದೇನೆ, ಕೊಂಡಿ ಪದಗಳನ್ನು ಹಾಗೇ ಬಿಟ್ಟಿದ್ದೇನೆ.

"ಫರ್ಸ್ಟ್ಲಿ, ಕಾಯಿಲೆ ತಡೆಯುವುದು ಚಿಕಿತ್ಸೆಗಿಂತ ಅಗ್ಗ. ಮೋರ್‌ಓವರ್, ಜನರಿಗೆ ಆರೋಗ್ಯದ ಅರಿವು ಕಡಿಮೆ. ಫರ್ದರ್‌ಮೋರ್, ಸಕ್ಕರೆ ಕಾಯಿಲೆ ಎಲ್ಲ ಕಡೆ ಹೆಚ್ಚುತ್ತಿದೆ. ಆನ್ ದಿ ಅದರ್ ಹ್ಯಾಂಡ್, ಆಸ್ಪತ್ರೆಗಳಲ್ಲಿ ಹಾಸಿಗೆಗಳು ಸಾಲುತ್ತಿಲ್ಲ. ಆ್ಯಸ್ ಎ ರಿಸಲ್ಟ್, ಸರ್ಕಾರ ಜಾಗೃತಿ ಕಾರ್ಯಕ್ರಮಗಳನ್ನು ಮಾಡಬೇಕು. ಇನ್ ಅಡಿಷನ್, ಈಗ ಚಿಕ್ಕ ವಯಸ್ಸಿನವರಿಗೂ ಸಕ್ಕರೆ ಕಾಯಿಲೆ ಬರುತ್ತಿದೆ. ಹೆನ್ಸ್, ಕಾಯಿಲೆ ತಡೆಯುವುದು ಬಹಳ ಮುಖ್ಯ."

"ಗ್ರಾಮರ್ ತಪ್ಪು ಒಂದೂ ಇಲ್ಲ ಅಲ್ವಾ ಮೇಡಂ? ಲಿಂಕರ್ಸ್ ಕೂಡ ಎಲ್ಲಾ ಹಾಕಿದ್ದೀನಿ. ಮತ್ತೆ ಯಾಕೆ ಬರೀ 6?" ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ವ್ಯಾಕರಣ ನಿಜಕ್ಕೂ ಚೆನ್ನಾಗಿತ್ತು. ಪರೀಕ್ಷೆ ನಡೆಸುವವರೇ ಪ್ರಕಟಿಸಿರುವ ಅಳತೆಪಟ್ಟಿಯನ್ನು ನಾವಿಬ್ಬರೂ ಕೂತು ಓದಿದೆವು. 6 ಬರುವವರ ಬರಹದಲ್ಲಿ ಜೋಡಣೆ ಯಾಂತ್ರಿಕವಾಗಿ ಕಾಣಬಹುದು, ಕೊಂಡಿ ಪದಗಳ ತಪ್ಪು ಬಳಕೆ ಅಥವಾ ಅತಿ ಬಳಕೆ ಇರಬಹುದು ಅಂತ ಅಲ್ಲಿದೆ. 9ರ ಸಾಲಿನಲ್ಲಿ ಬರೆದಿರುವುದು ಇದರ ಪೂರ್ತಿ ವಿರುದ್ಧ ದಿಕ್ಕಿನದು. ಅಲ್ಲಿ ಜೋಡಣೆ ಓದುವವರ ಗಮನಕ್ಕೆ ಬರುವುದೇ ಅಪರೂಪವಂತೆ. ಇದನ್ನು ಓದಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಎದ್ದು ಕಾಣುವಂತೆ ಹಾಕಬೇಕು ಅಂತಲೇ ಅಲ್ಲಿಯವರೆಗೆ ಕಲಿತಿದ್ದರು.

ಪದ ತೆಗೆದು ನೋಡಿದಾಗ

ನಾನು ಮೊದಲು ಮಾಡಿಸಿದ ಕೆಲಸ ಏಳೂ ಪದಗಳನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕುವುದು. ಉಳಿದ ಏಳು ವಾಕ್ಯಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಹರಡಿದೆವು. ಎರಡೆರಡು ಚೀಟಿ ಪಕ್ಕದಲ್ಲಿಟ್ಟು ಒಂದೇ ಪ್ರಶ್ನೆ: ಇದಕ್ಕೂ ಅದಕ್ಕೂ ಏನು ಸಂಬಂಧ? ಉತ್ತರ ಇಂಗ್ಲಿಷಿನಲ್ಲಿ ಬೇಡ, ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲೇ ಹೇಳಿ ಅಂದೆ.

ಎರಡನೇ ಮತ್ತು ಮೂರನೇ ಚೀಟಿ: ಅರಿವು ಕಡಿಮೆ, ಸಕ್ಕರೆ ಕಾಯಿಲೆ ಹೆಚ್ಚುತ್ತಿದೆ. "ಅರಿವು ಇಲ್ಲದ್ದಕ್ಕೇ ಕಾಯಿಲೆ ಹೆಚ್ಚುತ್ತಿರೋದು ಮೇಡಂ" ಅಂದರು ತಡಮಾಡದೆ. ಅವರ ತಲೆಯಲ್ಲಿ ಇದ್ದದ್ದು ಕಾರಣ. ಹಾಳೆಯ ಮೇಲೆ ಬಿದ್ದದ್ದು ಫರ್ದರ್‌ಮೋರ್. ಅದು "ಇನ್ನೂ ಒಂದು ವಿಷಯ ಏನೆಂದರೆ" ಅನ್ನುವ ಅರ್ಥದ್ದು. ಓದುವವರಿಗೆ ಎರಡು ಬಿಡಿ ಸಂಗತಿಗಳು ಸಿಕ್ಕವು. ಅವುಗಳ ನಡುವಿನ ಕಾರಣ ಬರೆದವರ ಮನಸ್ಸಿನಲ್ಲೇ ಉಳಿಯಿತು.

ಮೂರು ಮತ್ತು ನಾಲ್ಕು: ಕಾಯಿಲೆ ಹೆಚ್ಚುತ್ತಿದೆ, ಹಾಸಿಗೆ ಸಾಲುತ್ತಿಲ್ಲ. ಇದೂ ಒಂದರಿಂದ ಇನ್ನೊಂದು ಆಗಿದ್ದು. ಇಲ್ಲಿ ಇದ್ದದ್ದು ಆನ್ ದಿ ಅದರ್ ಹ್ಯಾಂಡ್. ಎರಡು ಪಕ್ಷಗಳನ್ನು ಎದುರುಬದುರು ಇಡುವಾಗ ಮಾತ್ರ ಅದಕ್ಕೆ ಕೆಲಸ. ಎದುರು ಪಕ್ಷ ಇಲ್ಲಿ ಎಲ್ಲಿದೆ? ಆ ಪದ ಬಂದ ಕೂಡಲೇ ಓದುವವರು ಲೇಖಕಿ ಈಗ ಚಿಕಿತ್ಸೆಯ ಪರ ಮಾತಾಡುತ್ತಾರೆ ಅಂತ ಕಾಯುತ್ತಾರೆ. ಅದು ಬರುವುದೇ ಇಲ್ಲ. ಯಾಕೆ ಹಾಕಿದಿರಿ ಅಂದರೆ, "ಫರ್ದರ್‌ಮೋರ್ ಆಗಲೇ ಆಗಿತ್ತಲ್ಲ, ಬೇರೆ ಕಾಲಂನಿಂದ ಒಂದು ತಗೊಂಡೆ" ಅಂದರು. ಪಟ್ಟಿ ಮಾಡುವ ದೊಡ್ಡ ಹಾನಿ ಇದೇ ಅಂತ ನನ್ನ ಅಭಿಪ್ರಾಯ. ಪದವನ್ನು ವಿಷಯದಿಂದ ಆರಿಸದೆ, ಯಾವುದು ಇನ್ನೂ ಬಳಸಿಲ್ಲ ಅನ್ನುವುದರಿಂದ ಆರಿಸುವ ಅಭ್ಯಾಸ ಬೆಳೆಯುತ್ತದೆ.

ಐದನೆಯದು ಸ್ವಲ್ಪ ಸೂಕ್ಷ್ಮ. ಹಾಸಿಗೆ ಸಾಲುತ್ತಿಲ್ಲ, ಸರ್ಕಾರ ಕಾರ್ಯಕ್ರಮ ಮಾಡಬೇಕು. ಸಂಬಂಧ ಇದೆ, "ಆದ್ದರಿಂದ" ಅನ್ನಬಹುದು. ಆದರೆ ಆ್ಯಸ್ ಎ ರಿಸಲ್ಟ್ ಹೇಳುವುದು ನಡೆದುಹೋದ ಅಥವಾ ನಡೆಯುವ ಪರಿಣಾಮವನ್ನು. ಮಳೆ ಬಂತು, ಅದರ ಪರಿಣಾಮವಾಗಿ ರಸ್ತೆ ಮುಳುಗಿತು ಅನ್ನುವ ಥರ. "ಮಾಡಬೇಕು" ಅನ್ನುವುದು ಪರಿಣಾಮ ಅಲ್ಲ, ನಾವು ತಲುಪಿದ ತೀರ್ಮಾನ. ಅದಕ್ಕೆ ದೇರ್‌ಫೋರ್ ಅಥವಾ ಸರಳವಾದ ಸೋ ಒಪ್ಪುತ್ತದೆ. ಪಟ್ಟಿಯಲ್ಲಿ ಇವೆಲ್ಲ ಒಂದೇ ಕಾಲಂನಲ್ಲಿ ಕೂತಿರುತ್ತವೆ.

ಆರನೇ ಚೀಟಿಯನ್ನು ಅವರೇ ಎತ್ತಿ ಮೂರನೆಯದರ ಪಕ್ಕಕ್ಕೆ ಇಟ್ಟರು. ನಾನು ಏನೂ ಹೇಳಬೇಕಾಗಲಿಲ್ಲ. ಸಕ್ಕರೆ ಕಾಯಿಲೆಯ ಮಾತು ಎರಡು ಕಡೆ ಹರಿದುಹೋಗಿತ್ತು. ನಡುವೆ ಸರ್ಕಾರ ಬಂದು ಕೂತಿತ್ತು. ಇನ್ ಅಡಿಷನ್ ಅನ್ನುವ ಪದ ಆ ಹರುಕನ್ನು ಮುಚ್ಚಿಟ್ಟಿತ್ತು. ಏಳನೆಯದು ಮೊದಲನೆಯದನ್ನೇ ಇನ್ನೊಮ್ಮೆ ಹೇಳುತ್ತಿತ್ತು, ಅದನ್ನು ತೆಗೆದಿಟ್ಟೆವು.

ವಾರ್ಡ್‌ನ ನೋಟ್ಸ್

ಇಷ್ಟಾದರೂ ಅವರಿಗೆ ಇದು ಪರೀಕ್ಷೆಯ ಒಂದು ನಿಯಮ ಅನಿಸುತ್ತಿತ್ತೇ ಹೊರತು ಸತ್ಯ-ಸುಳ್ಳಿನ ವಿಷಯ ಅನಿಸಿರಲಿಲ್ಲ. ಹಾಗಾಗಿ ಅವರ ಕೆಲಸದಿಂದಲೇ ಒಂದು ಪ್ರಶ್ನೆ ಕೇಳಿದೆ. ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಗೆ ರೋಗಿಯ ಮೈಮೇಲೆ ದದ್ದು ಎದ್ದರೆ ನರ್ಸಸ್ ನೋಟ್ಸ್‌ನಲ್ಲಿ ಏನು ಬರೆಯುತ್ತೀರಿ?

"ಇಂಜೆಕ್ಷನ್ ಹೆಸರು, ಟೈಮ್ ಬರೆದು, ಆಫ್ಟರ್ ಇಂಜೆಕ್ಷನ್ ರಾಶ್ ನೋಟೆಡ್, ಡಾಕ್ಟರ್ ಇನ್‌ಫಾರ್ಮ್ಡ್ ಅಂತ ಬರೀತೀವಿ."

"ಡ್ಯೂ ಟು ಇಂಜೆಕ್ಷನ್ ಅಂತ ಯಾಕೆ ಬರೆಯಲ್ಲ?"

"ಅಯ್ಯೋ, ಅದು ಹೇಗೆ ಬರೆಯೋಕಾಗುತ್ತೆ ಮೇಡಂ? ಬೇರೆ ಕಾರಣನೂ ಇರಬಹುದು. ಡಾಕ್ಟರ್ ನೋಡಿ ಹೇಳಬೇಕು."

ಆಫ್ಟರ್ ಅಂದರೆ ಮೊದಲು ಅದಾಯಿತು, ಆಮೇಲೆ ಇದಾಯಿತು. ಡ್ಯೂ ಟು ಅಂದರೆ ಅದರಿಂದಲೇ ಇದಾಯಿತು. ಎರಡರ ನಡುವೆ ಎಷ್ಟು ದೊಡ್ಡ ವ್ಯತ್ಯಾಸ ಇದೆ ಅಂತ ಈ ಹೆಣ್ಣುಮಗಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೇಸ್ ಶೀಟ್‌ನಲ್ಲಿ ಒಂದು ಕೊಂಡಿ ಪದ ತಪ್ಪಿದರೆ ರೋಗಿಯ ಅಲರ್ಜಿ ದಾಖಲೆಯೇ ಬದಲಾಗಬಹುದು. ಮುಂದೆ ಯಾವತ್ತೋ ಬೇಕಾದ ಔಷಧಿ ಅವನಿಗೆ ಸಿಗದೆ ಹೋಗಬಹುದು. ಅಲ್ಲಿ ಇಷ್ಟು ಎಚ್ಚರ ಇರುವವರು ಪ್ರಬಂಧಕ್ಕೆ ಬಂದ ಕೂಡಲೇ ಆ್ಯಸ್ ಎ ರಿಸಲ್ಟ್ ಅನ್ನು ಸುಮ್ನೆ ಒಂದು ಅಲಂಕಾರದಂತೆ ಎತ್ತಿ ಇಟ್ಟುಬಿಡುತ್ತಿದ್ದರು. ಅದೂ ಒಂದು ಹೇಳಿಕೆಯೇ. ಅದಕ್ಕೂ ಸಹಿ ಹಾಕಿದಷ್ಟೇ ಜವಾಬ್ದಾರಿ ಇದೆ. ಅವರು ತಮ್ಮ ಪ್ಯಾರಾವನ್ನು ಇನ್ನೊಮ್ಮೆ ಓದಿ, "ಇದನ್ನ ಕೇಸ್ ಶೀಟ್‌ನಲ್ಲಿ ಬರೆದಿದ್ದರೆ ಸಿಸ್ಟರ್ ಇನ್‌ಚಾರ್ಜ್ ಬಿಡ್ತಿರಲಿಲ್ಲ" ಅಂದರು. ಅಲ್ಲಿಂದ ಮುಂದೆ ನಮ್ಮ ಕೆಲಸ ವೇಗವಾಗಿ ಸಾಗಿತು.

ಕನ್ನಡದ ವಾಕ್ಯ, ಇಂಗ್ಲಿಷಿನ ವಾಕ್ಯ

ಕನ್ನಡದಲ್ಲಿ ಹೇಳುವಾಗ ಸಂಬಂಧ ಅಷ್ಟು ಸಲೀಸಾಗಿ ಬಂತು, ಇಂಗ್ಲಿಷಿನಲ್ಲಿ ಯಾಕೆ ಬರಲಿಲ್ಲ? ನನಗೆ ಕಾಣುವ ಒಂದು ಕಾರಣ ಇದು. ನಾವು "ಡ್ಯೂಟಿ ಮುಗಿಸಿ, ಮನೆಗೆ ಬಂದು, ಅಡುಗೆ ಮಾಡಿಟ್ಟು ಮಲಗಿದೆ" ಅನ್ನುತ್ತೇವೆ. ನಾಲ್ಕು ಕೆಲಸ, ಒಂದೇ ವಾಕ್ಯ, ಬಿಡಿಯಾದ ಕೊಂಡಿ ಪದ ಒಂದೂ ಇಲ್ಲ. "ಬಂದರೆ", "ಬಂದರೂ", "ಬಂದಿದ್ದರಿಂದ" ಅನ್ನುವಾಗಲೂ ಕೊಂಡಿ ಕ್ರಿಯಾಪದದ ಬಾಲದಲ್ಲೇ ಇದೆ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಇಫ್, ಆಲ್ದೋ, ಬಿಕಾಸ್ ಮಾಡುತ್ತವೆ. ಅವು ಆ ತುಂಡು ವಾಕ್ಯದ ತಲೆಯಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಯೋಚಿಸುತ್ತಾ ಇಂಗ್ಲಿಷಿನಲ್ಲಿ ಬರೆಯುವವರು ಕ್ರಿಯಾಪದದ ಕೊನೆಗೆ ಬಂದಾಗ ಅಲ್ಲಿ ಅಂಟಿಸಲು ಏನೂ ಸಿಗುವುದಿಲ್ಲ. ಪೂರ್ಣವಿರಾಮ ಹಾಕಿಬಿಡುತ್ತಾರೆ. ಒಂದು ವಾಕ್ಯ ಎರಡಾಗುತ್ತದೆ. ಎರಡರ ನಡುವೆ ಬಿಟ್ಟ ಜಾಗ ತುಂಬಲು ಮೋರ್‌ಓವರ್ ಬರುತ್ತದೆ.

ಇವರ ಹಳೆಯ ಪ್ರಬಂಧಗಳನ್ನು ತೆಗೆದು ನೋಡಿದೆ. ಬಿಕಾಸ್, ಆಲ್ದೋ, ವೇರ್‌ಆ್ಯಸ್, ವೈಲ್ ಬಹಳ ಅಪರೂಪ. ವಾಕ್ಯದ ಒಳಗೆ ಕೂತು ಕೆಲಸ ಮಾಡುವ ಪದಗಳು ಇಲ್ಲ. ವಾಕ್ಯದ ಬಾಗಿಲಲ್ಲಿ ನಿಂತು ಅಲ್ಪವಿರಾಮ ಹಾಕಿಸಿಕೊಳ್ಳುವ ಪದಗಳು ಮಾತ್ರ ಎಲ್ಲೆಲ್ಲೂ.

ಪಟ್ಟಿಯ ವಿರೋಧದ ಕಾಲಂನಲ್ಲಿ ಬಟ್, ಹೌಎವರ್, ಆಲ್ದೋ, ಡಿಸ್ಪೈಟ್ ನಾಲ್ಕೂ ಒಟ್ಟಿಗೆ ಇದ್ದವು. ಅರ್ಥ ಹತ್ತಿರ ಇರುವುದು ನಿಜ. ಆದರೆ ನಾಲ್ಕರ ನಡವಳಿಕೆ ಬೇರೆ ಬೇರೆ. ಸ್ಟಾಫ್ ಕಡಿಮೆ ಇದ್ದರೂ ಕೆಲಸ ನಿಲ್ಲಲಿಲ್ಲ ಅನ್ನುವುದನ್ನು ಅವರ ಕೈಯಲ್ಲಿ ನಾಲ್ಕು ಥರ ಬರೆಸಿದೆ. ಬಟ್ ಎರಡು ವಾಕ್ಯಗಳನ್ನು ಹೊಲಿದು ಒಂದು ಮಾಡುತ್ತದೆ, ಅದರ ಹಿಂದೆ ಅಲ್ಪವಿರಾಮ ಸಾಕು. ಆಲ್ದೋ ಬಂದರೆ ಆ ತುಂಡು ಒಂಟಿಯಾಗಿ ನಿಲ್ಲುವುದಿಲ್ಲ, ಇನ್ನೊಂದು ತುಂಡಿಗೆ ಒರಗಿಕೊಳ್ಳಬೇಕು: "ಆಲ್ದೋ ವಿ ವರ್ ಶಾರ್ಟ್ ಆಫ್ ಸ್ಟಾಫ್, ದ ವರ್ಕ್ ಡಿಡ್ ನಾಟ್ ಸ್ಟಾಪ್." ಇಲ್ಲಿ ನಡುವೆ ಬಟ್ ಸೇರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ, ಇವರಿಗೂ ಇತ್ತು. ಆಲ್ದೋ ಒಂದೇ ಸಾಕು. ಡಿಸ್ಪೈಟ್ ಆದಮೇಲೆ ಪೂರ್ತಿ ವಾಕ್ಯ ಬರುವುದಿಲ್ಲ, ನಾಮಪದ ಬರಬೇಕು: "ಡಿಸ್ಪೈಟ್ ದ ಶಾರ್ಟೇಜ್." ಹೌಎವರ್ ಎರಡು ವಾಕ್ಯಗಳನ್ನು ಹೊಲಿಯಲಾರದು. ಅದರ ಹಿಂದೆ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ಬರೀ ಅಲ್ಪವಿರಾಮ ಹಾಕಿದರೆ ತಪ್ಪು. ಈ ಪಾಠಕ್ಕೆ ನಾವು ಬಹಳ ಸಮಯ ಕೊಟ್ಟೆವು. ಕೊಟ್ಟಿದ್ದು ಸಾರ್ಥಕ ಆಯಿತು, ಯಾಕೆಂದರೆ ಇದು ಜೋಡಣೆಯ ಅಂಕಕ್ಕೂ ವ್ಯಾಕರಣದ ಅಂಕಕ್ಕೂ ತಾಗುವ ವಿಷಯ.

ಕೊಂಡಿ ಪದ ಇಲ್ಲದ ಕೊಂಡಿ

ಇಂಗ್ಲಿಷ್ ಬರಹ ಒಂದಾಗಿ ನಿಲ್ಲುವುದು ಹೇಗೆ ಅಂತ ಭಾಷಾವಿಜ್ಞಾನಿಗಳಾದ ಎಂ. ಎ. ಕೆ. ಹ್ಯಾಲಿಡೇ ಮತ್ತು ರುಕಯ್ಯಾ ಹಸನ್ 1976ರಲ್ಲಿ ಒಂದು ಪುಸ್ತಕವನ್ನೇ ಬರೆದರು. ರುಕಯ್ಯಾ ಹುಟ್ಟಿದ್ದು ನಮ್ಮ ಉತ್ತರ ಪ್ರದೇಶದ ಪ್ರತಾಪಗಢದಲ್ಲಿ. ಜೋಡಣೆಯಲ್ಲಿ ಅವರಿಬ್ಬರೂ ಐದು ಬಗೆ ಗುರುತಿಸಿದರು. ಇದು, ಅದು, ಅವರು ಅಂತ ಹಿಂದಿನದನ್ನು ತೋರಿಸುವುದು ಒಂದು. ಒಂದು ಪದದ ಜಾಗದಲ್ಲಿ ಇನ್ನೊಂದು ಇಡುವುದು, ಗೊತ್ತಿರುವುದನ್ನು ಬಿಟ್ಟುಬಿಡುವುದು, ಒಂದೇ ವಿಷಯದ ಪದಗಳನ್ನು ಮತ್ತೆ ತರುವುದು ಮೂರು. ಕೊಂಡಿ ಪದಗಳದ್ದು ಐದರಲ್ಲಿ ಒಂದು ಪಾಲು ಮಾತ್ರ. ನಮ್ಮ ತರಗತಿಗಳಲ್ಲಿ ಆ ಒಂದನ್ನೇ ಇಡೀ ವಿದ್ಯೆ ಅಂತ ಕಲಿಸಿಬಿಡುತ್ತೇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇವರಿಗೆ ತಕ್ಷಣ ಕೆಲಸಕ್ಕೆ ಬಂದದ್ದು ದಿಸ್ ಜೊತೆ ಒಂದು ನಾಮಪದ ಇಡುವ ಉಪಾಯ. ಹಿಂದಿನ ವಾಕ್ಯದಲ್ಲಿ ರೋಗಿಗಳು ತಡವಾಗಿ ಬರುತ್ತಾರೆ ಅಂತ ಹೇಳಿದ್ದರೆ, ಮುಂದಿನದನ್ನು "ದಿಸ್ ಡಿಲೇ" ಅಂತ ಶುರು ಮಾಡುವುದು. ಖರ್ಚಿನ ಮಾತು ಆಗಿದ್ದರೆ "ದಿಸ್ ಕಾಸ್ಟ್". ಬರೀ ದಿಸ್ ಅಂದರೆ ಯಾವುದು ಅಂತ ಗೊಂದಲ ಆಗುತ್ತದೆ. ನಾಮಪದ ಸೇರಿದರೆ ಹಿಂದಿನ ಇಡೀ ವಾಕ್ಯವನ್ನು ಕೈಹಿಡಿದು ಮುಂದಕ್ಕೆ ತಂದ ಹಾಗೆ. ಓದುವವರಿಗೆ ಆಗಲೇ ಗೊತ್ತಿರುವ ವಿಷಯದಿಂದ ವಾಕ್ಯ ಶುರುವಾಗಿ ಹೊಸದರಲ್ಲಿ ಮುಗಿಯುತ್ತದೆ. ಮುಂದಿನ ವಾಕ್ಯ ಆ ಹೊಸದನ್ನು ಹಿಡಿದುಕೊಂಡು ಹೊರಡುತ್ತದೆ.

ಚೀಟಿಗಳನ್ನು ಜೋಡಿಸಿ ಅವರೇ ತಿರುಗಿ ಬರೆದ ಪ್ಯಾರಾ ಹೀಗಾಯಿತು:

"ಕಾಯಿಲೆ ತಡೆಯುವುದು ಚಿಕಿತ್ಸೆಗಿಂತ ಅಗ್ಗ, ಸಕ್ಕರೆ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಊಟ ಮತ್ತು ವ್ಯಾಯಾಮದ ಬಗ್ಗೆ ಜನರಿಗೆ ಅರಿವು ಕಡಿಮೆ ಇರುವುದು ಅದು ಚಿಕ್ಕ ವಯಸ್ಸಿನವರಲ್ಲೂ ಹೆಚ್ಚಲು ಒಂದು ಕಾರಣ. ಈ ರೋಗಿಗಳಲ್ಲಿ ಕೆಲವರು ಮುಂದೆ ಡಯಾಲಿಸಿಸ್‌ಗೆ, ವಾಸಿಯಾಗದ ಕಾಲಿನ ಗಾಯಕ್ಕೆ ಅಂತ ವರ್ಷಗಟ್ಟಲೆ ಆಸ್ಪತ್ರೆಗೆ ಬರಬೇಕಾಗುತ್ತದೆ, ಹಾಸಿಗೆಗಳೂ ಸಾಲದಾಗುತ್ತವೆ. ಈ ಖರ್ಚಿನ ಮುಂದೆ ಒಂದು ರಕ್ತಪರೀಕ್ಷೆಯ ಖರ್ಚು ಬಹಳ ಚಿಕ್ಕದು. ದೇರ್‌ಫೋರ್, ಸರ್ಕಾರ ಕಾಯಿಲೆಯನ್ನು ಬೇಗ ಪತ್ತೆ ಮಾಡುವುದಕ್ಕೂ ಜನರಿಗೆ ತಿಳಿಸಿ ಹೇಳುವುದಕ್ಕೂ ಮೊದಲು ಹಣ ಇಡಬೇಕು."

ವಾಕ್ಯದ ತಲೆಯಲ್ಲಿ ಉಳಿದ ಕೊಂಡಿ ಪದ ಒಂದೇ. ಅದೂ ತೀರ್ಮಾನ ಬರುವ ಜಾಗದಲ್ಲಿ. ಡಯಾಲಿಸಿಸ್, ಕಾಲಿನ ಗಾಯ ಮೊದಲ ಪ್ಯಾರಾದಲ್ಲಿ ಇರಲೇ ಇಲ್ಲ ಅನ್ನುವುದನ್ನು ಗಮನಿಸಿ. ಒಂದಕ್ಕೊಂದು ಏನು ಸಂಬಂಧ ಅಂತ ಕೇಳಿಕೊಂಡಾಗ ನಡುವೆ ಒಂದು ಮೆಟ್ಟಿಲು ಕಾಣೆಯಾಗಿದೆ ಅಂತ ಅವರಿಗೇ ಹೊಳೆಯಿತು. ಆ ಮೆಟ್ಟಿಲು ಅವರು ದಿನಾ ನೋಡುವ ರೋಗಿಗಳೇ. "ಒಂದು ಕಾರಣ", "ಕೆಲವರು" ಅನ್ನುವ ಪದಗಳನ್ನೂ ಅವರೇ ಸೇರಿಸಿದರು. ಅರಿವು ಕಡಿಮೆ ಇರುವುದೊಂದೇ ಕಾರಣ ಅಲ್ಲ, ವಂಶವಾಹಿಯೂ ಇದೆ, ಹಾಗಾಗಿ ಬಿಕಾಸ್ ಅಂತ ಗಟ್ಟಿಯಾಗಿ ಬರೆಯಲು ಮನಸ್ಸು ಬರಲಿಲ್ಲ ಅಂದರು. ನರ್ಸ್ ಮಾತಾಡಿದ್ದು ಅಂತ ನನಗೆ ಬಹಳ ಖುಷಿಯಾಯಿತು.

ಆಮೇಲೆ

ಮುಂದಿನ ಪ್ರಬಂಧಗಳಲ್ಲಿ ಒಂದು ಕ್ರಮ ಇಟ್ಟುಕೊಂಡರು. ಪ್ರಬಂಧಕ್ಕೆ ಇಟ್ಟುಕೊಂಡ 40 ನಿಮಿಷದಲ್ಲಿ ಮೊದಲ ಕೆಲವು ನಿಮಿಷ ಬರೆಯುವುದಿಲ್ಲ. ಪ್ರತಿ ಪ್ಯಾರಾದ ಸಂಗತಿಗಳನ್ನು ರಫ್ ಜಾಗದಲ್ಲಿ ಗುರುತು ಹಾಕಿ, ನಡುವೆ ಕನ್ನಡದಲ್ಲೇ "ಆದ್ದರಿಂದ", "ಆದರೂ", "ಅಂದರೆ" ಅಂತ ಬರೆದುಕೊಳ್ಳುತ್ತಾರೆ. ನಡುವೆ ಏನೂ ಬರೆಯಲಾಗದಿದ್ದರೆ ಆ ಎರಡು ಸಂಗತಿಗಳು ಪಕ್ಕಪಕ್ಕ ಇರಬಾರದು ಅಂತ ಅರ್ಥ. ಶುರುವಿನಲ್ಲಿ ಇದರಿಂದ ಸಮಯ ಸಾಲದೆ ಒಂದು ಅಭ್ಯಾಸದ ಪ್ರಬಂಧ ಅರ್ಧಕ್ಕೆ ನಿಂತಿತ್ತು. ಕೈ ಪಳಗಿದ ಮೇಲೆ ಸರಿಹೋಯಿತು.

ಗ್ರಾಫ್ ವಿವರಿಸುವ ಮೊದಲ ಭಾಗದಲ್ಲಿ ವೈಲ್ ಮತ್ತು ವೇರ್‌ಆ್ಯಸ್ ಅವರಿಗೆ ಬೇಗ ಒಲಿದವು. ಒಂದು ಗೆರೆ ಏರುತ್ತಿದೆ, ಇನ್ನೊಂದು ಇಳಿಯುತ್ತಿದೆ. ಎದುರುಬದುರು ಇಡುವುದು ಕಣ್ಣಿಗೇ ಕಾಣುತ್ತದಲ್ಲ. ಪ್ರಬಂಧದಲ್ಲಿ ಹೌಎವರ್ ಹಿಂದೆ ಅಲ್ಪವಿರಾಮ ಹಾಕುವ ಅಭ್ಯಾಸ ಮಾತ್ರ ಅವಸರದಲ್ಲಿ ಈಗಲೂ ನುಸುಳುತ್ತದೆ.

ಮುಂದಿನ ಪರೀಕ್ಷೆಯಲ್ಲಿ ಬರವಣಿಗೆಗೆ 6.5 ಬಂತು. ಅದಕ್ಕೆ ಕೊಂಡಿ ಪದಗಳ ಪಾಠವೇ ಕಾರಣ ಅಂತ ನಾನು ಬರೆಯುವುದಿಲ್ಲ. ಫಲಿತಾಂಶದ ಹಾಳೆಯಲ್ಲಿ ನಾಲ್ಕು ಅಳತೆಗಳ ಅಂಕ ಬೇರೆಬೇರೆಯಾಗಿ ಇರುವುದಿಲ್ಲ, ಒಟ್ಟು ಅಂಕಿ ಮಾತ್ರ ಇರುತ್ತದೆ. ಪ್ರಶ್ನೆಯೂ ಬೇರೆ ಇತ್ತು, ಅವರು ಬೇರೆ ಕಡೆಯೂ ಓದಿಕೊಂಡಿದ್ದರು. ಈ ಪಾಠ ಆದ ಮೇಲೆ 6.5 ಬಂತು ಅಂತ ಮಾತ್ರ ಹೇಳಬಲ್ಲೆ. ಈಗ ಕೌನ್ಸಿಲ್‌ಗೆ ಅರ್ಜಿ ಹಾಕಿದ್ದಾರೆ, ದಾಖಲೆಗಳ ಪರಿಶೀಲನೆ ನಡೆಯುತ್ತಿದೆ.